ಬೋಟಿಗೆ ಮಾನಿಟರ್ ತಗೊಳ್ಳುವಾಗ ಮೊದಲು ಅದರ ಬೆನ್ನು ನೋಡಿ

ಮಲ್ಪೆಯಲ್ಲಿ ನಮ್ಮದೊಂದು ಆಳಸಮುದ್ರದ ಟ್ರಾಲ್ ಬೋಟ್ ಉಂಟು, ಮರದ್ದು, ಒಮ್ಮೆ ಹೋದ್ರೆ ಹತ್ತು ದಿನ ಬರುದಿಲ್ಲ. ಬೋಟ್ ನೋಡಿಕೊಳ್ಳುದು ಅಣ್ಣ, ಕರೆಂಟಿನ ಕೆಲಸ ಪೂರ್ತಿ ನಂದು. ಕ್ಯಾಬಿನಲ್ಲಿ ಮೊದಲು ಇದ್ದದ್ದು 7 ಇಂಚಿನ ಪ್ಲಾಟರ್ (ಬೋಟ್ ಎಲ್ಲಿದೆ ಅಂತ ಸಮುದ್ರದ ನಕ್ಷೆ ಮೇಲೆ ತೋರಿಸುವ ಸೆಟ್), ಅಷ್ಟು ಸಣ್ಣ ಸ್ಕ್ರೀನಲ್ಲಿ ಎಐಎಸ್‌ನ (ಹಡಗುಗಳು ತಾವು ಎಲ್ಲಿದ್ದೇವೆ ಅಂತ ರೇಡಿಯೋದಲ್ಲಿ ತಾವೇ ತಿಳಿಸುವ ವ್ಯವಸ್ಥೆ) ಹಡಗುಗಳು, ಬಲೆ ಸಿಕ್ಕಿಬೀಳುವ ಕಲ್ಲಿನ ಪಾಯಿಂಟ್‌ಗಳು ಎಲ್ಲ ಒಂದರ ಮೇಲೊಂದು ಕೂತು ತಂಡೇಲರಿಗೆ (ಬೋಟ್ ಓಡಿಸುವವರಿಗೆ) ಕನ್ನಡಕ ಹಾಕಿದ್ರೂ ಓದ್ಲಿಕ್ಕೆ ಆಗ್ತಿರ್ಲಿಲ್ಲ. ಪಣಂಬೂರಿನ ಬಂದರಿಗೆ ಹೋಗಿಬರುವ ದೊಡ್ಡ ಹಡಗುಗಳು ರಾತ್ರಿ ಹತ್ತಿರದಲ್ಲೇ ಹಾದುಹೋಗ್ತವೆ, ಅದು ಸರಿಯಾಗಿ ಕಾಣ್ಲೇಬೇಕು. ಹಾಗಾಗಿ ಒಂದು ಮಿನಿ ಪಿಸಿ, ಅದಕ್ಕೆ ಓಪನ್‌ಸಿಪಿಎನ್ (ಇದು ಫ್ರೀ ಸಾಫ್ಟ್‌ವೇರ್, ಜಿಪಿಎಸ್ ಮತ್ತೆ ಎಐಎಸ್ ಎರಡನ್ನೂ ಚಾರ್ಟ್ ಮೇಲೆ ತೋರಿಸ್ತದೆ), ಮತ್ತೆ 22 ಇಂಚಿನ ಮಾನಿಟರ್ ಅಂತ ಲೆಕ್ಕ ಹಾಕಿದ್ದು.

ಪಿಸಿ, ಸಾಫ್ಟ್‌ವೇರ್ ಎರಡು ದಿನದಲ್ಲಿ ರೆಡಿ ಆಯ್ತು. ಮಾನಿಟರಿಗೆ ಮಾತ್ರ ಎರಡು ಸೀಸನ್ ಹೋಯ್ತು.

ಮೊದಲ ಸಲ ಪಿಕ್ಚರ್ ನೋಡಿ ತಗೊಂಡೆ. ಅದರ ಪವರ್ ಸಪ್ಲೈ ಒಳಗೇ ಇತ್ತು, ಅಂದ್ರೆ ನೇರ 230 ವೋಲ್ಟಿನ ಪಿನ್ನು, ಬೋಟಲ್ಲಿ ಇರುದು 24 ವೋಲ್ಟ್, ಹಾಗಾಗಿ ಇನ್ವರ್ಟರ್ ಹಾಕ್ಬೇಕಾಯ್ತು. ಇಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿ ಒಂದು ಕ್ಷಣ 18 ವೋಲ್ಟಿಗೆ ಇಳೀತದೆ, ಇನ್ವರ್ಟರ್ ಕೂಗಿ ಕಟ್ ಆಗ್ತಿತ್ತು, ಸ್ಕ್ರೀನ್ ಕಪ್ಪು. ಸರಿ, ಸ್ಟಾರ್ಟ್ ಆದ್ಮೇಲೆ ಆನ್ ಮಾಡಿದ್ರಾಯ್ತು ಅಂತ ಇಟ್ಕೊಳ್ಳಿ, ಆದ್ರೆ ಖರ್ಚು? ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ, ಮಾನಿಟರ್ ಆಫ್ ಇದ್ರೂ ಇನ್ವರ್ಟರ್ ಸುಮ್ಮನೆ ಕೂತು ಅರ್ಧ ಆಂಪಿಯರ್ ತಿಂತಿತ್ತು. ಆನ್ ಇದ್ದಾಗ ಒಟ್ಟು ಒಂದೂವರೆ ಆಂಪಿಯರ್, ಇಡೀ ದಿನಕ್ಕೆ 36 ಆಂಪಿಯರ್ ಅವರ್. ಲಂಗರು ಹಾಕಿ ಇಂಜಿನ್ ನಿಲ್ಲಿಸಿ ಮಲಗುವ ರಾತ್ರಿಗೆ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ, ಬೆಳಿಗ್ಗೆ ಇಂಜಿನ್ ತಿರುಗದಿದ್ರೆ ಏನು ಮಾಡುದು?

ಎರಡನೇ ಸಲ 12 ವೋಲ್ಟಿನ ಅಡಾಪ್ಟರ್ ಇರುವ ಮಾನಿಟರ್ ತಂದೆ, ಅಲ್ಲಿವರೆಗೆ ಸರಿ. ಆದ್ರೆ ಎರಡು 12ರ ಬ್ಯಾಟರಿ ಸೀರೀಸಲ್ಲಿ ಇದ್ದಾವಲ್ಲ, ಅದರಲ್ಲಿ ಒಂದರಿಂದ ಲೈನ್ ಎಳೆದುಬಿಟ್ಟೆ. ದಕ್ಕೆಯಲ್ಲಿ ಸುಮಾರು ಬೋಟಲ್ಲಿ ರೇಡಿಯೋಗೆ, ಮೊಬೈಲ್ ಚಾರ್ಜಿಗೆ ಹೀಗೇ ಮಾಡ್ತಾರೆ. ದಯವಿಟ್ಟು ಮಾಡ್ಬೇಡಿ. ಮೂರು ತಿಂಗಳಾದ್ಮೇಲೆ ಮೀಟರ್ ಇಟ್ಟಾಗ ಲೈನ್ ಎಳೆದ ಬ್ಯಾಟರಿ 12.1, ಇನ್ನೊಂದು 12.9. ಆಲ್ಟರ್ನೇಟರಿಗೆ ಎರಡನ್ನೂ ಸೇರಿಸಿದ ವೋಲ್ಟೇಜ್ ಮಾತ್ರ ಗೊತ್ತು, ಹಾಗಾಗಿ ಒಂದು ಯಾವಾಗಲೂ ಅರ್ಧ ಹೊಟ್ಟೆ, ಮತ್ತೊಂದಕ್ಕೆ ಓವರ್ ಚಾರ್ಜ್. ಓವರ್ ಚಾರ್ಜ್ ಆದದ್ದರ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ್ರೆ ನೀರು ಆರಿ ಪ್ಲೇಟಿನ ತುದಿ ಹೊರಗೆ ಕಾಣ್ತಿತ್ತು. ಎರಡೂ ಬ್ಯಾಟರಿ ಹೋಯ್ತು.

ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ, ಬೋಟ್ ಕಟ್ಟಿ ಇರ್ತದೆ, ಆ ಮಳೆಯಲ್ಲಿ ಕೂತು ಪೂರ್ತಿ ಬಿಚ್ಚಿ ಮತ್ತೆ ಮಾಡಿದೆ. 24ರಿಂದ 12ಕ್ಕೆ ಇಳಿಸುವ ಡಿಸಿ ಕನ್ವರ್ಟರ್, 10 ಆಂಪಿಯರಿಂದು, ಅಲ್ಯೂಮಿನಿಯಂ ಬಾಡಿ, ಒಳಗೆ ಪೂರ್ತಿ ರಾಳ ತುಂಬಿ ಸೀಲ್ ಮಾಡಿದ್ದು. ಇನ್‌ಪುಟ್ 36 ವೋಲ್ಟಿನವರೆಗೆ ತಡೀತದಾ ಅಂತ ನೋಡಿಯೇ ತಗೊಳ್ಳಿ, ಯಾಕಂದ್ರೆ 24 ಅಂತ ನಾವು ಬಾಯಲ್ಲಿ ಹೇಳುದು ಅಷ್ಟೇ, ಚಾರ್ಜ್ ಆಗುವಾಗ ಅದು 28ರ ಮೇಲೆ ಇರ್ತದೆ. ಈಗ ಇಂಜಿನ್ ಸ್ಟಾರ್ಟ್ ಮಾಡುವಾಗ 18ಕ್ಕೆ ಇಳಿದ್ರೂ ಕನ್ವರ್ಟರಿಗೆ 12 ಕೊಡ್ಲಿಕ್ಕೆ ಅದು ಧಾರಾಳ ಸಾಕು, ಸ್ಕ್ರೀನ್ ಮಿಟುಕುದೂ ಇಲ್ಲ. 19 ವೋಲ್ಟಿನ ಮಾನಿಟರ್ ಆಗಿದ್ರೆ ಇದೇ ಜಾಗದಲ್ಲಿ ಸಿಕ್ಕಿಬೀಳ್ತಿತ್ತು. ಅದಕ್ಕೇ ನಾನು ಹೇಳುದು, ಅಂಗಡಿಯಲ್ಲಿ ಮಾನಿಟರ್ ತಿರುಗಿಸಿ ಬೆನ್ನಿನ ಸ್ಟಿಕ್ಕರ್ ಓದಿ, 12 ವೋಲ್ಟ್ ಡಿಸಿ ಅಂತ ಇದ್ರೆ ಮಾತ್ರ ಮುಂದಿನ ಮಾತು. ಅಲ್ಲೇ ವೆಸಾ ಮೌಂಟಿನ (ಗೋಡೆಗೆ ಸ್ಕ್ರೂ ಹೊಡೆದು ಕೂರಿಸುವ ಕ್ಲಾಂಪಿನ) ನಾಲ್ಕು ತೂತು ಉಂಟಾ ಅದೂ ನೋಡಿ, ಸ್ಟ್ಯಾಂಡ್ ಮೇಲೆ ಇಟ್ಟ ಮಾನಿಟರ್ ಬೋಟಲ್ಲಿ ಒಂದು ಅಲೆಗೂ ನಿಲ್ಲುದಿಲ್ಲ.

ಕನ್ವರ್ಟರ್ ಎಲ್ಲಿ ಇಡುದು ಅನ್ನುದೂ ಮುಖ್ಯ. ಬ್ಯಾಟರಿ ಹತ್ತಿರ ಇಟ್ಟು 12 ವೋಲ್ಟ್ ಮೇಲೆ ತರಬಾರದು, 24ನ್ನೇ ಕ್ಯಾಬಿನ್ ತನಕ ತಂದು ಅಲ್ಲಿ ಇಳಿಸ್ಬೇಕು. ನಮ್ಮಲ್ಲಿ ಬ್ಯಾಟರಿಯಿಂದ ಕ್ಯಾಬಿನಿಗೆ 9 ಮೀಟರ್, ಹೋಗಿ ಬರ್ಲಿಕ್ಕೆ 18. 2.5 ಚದರ ಮಿ.ಮೀ. ದಪ್ಪದ ತಾಮ್ರದ ವಯರಲ್ಲಿ ಮಾನಿಟರ್, ಪಿಸಿ ಎರಡೂ ಸೇರಿ 12ರಲ್ಲಿ 4 ಆಂಪಿಯರ್ ಎಳೆದ್ರೆ ದಾರಿಯಲ್ಲೇ ಅರ್ಧ ವೋಲ್ಟ್ ಹೋಗ್ತದೆ. 24ರಲ್ಲಿ ಎರಡೇ ಆಂಪಿಯರ್, ಹೋಗುದು ಕಾಲು ವೋಲ್ಟ್, ಅದೂ ಕನ್ವರ್ಟರಿನ ಮೊದಲು, ಸ್ಕ್ರೀನಿಗೆ ಗೊತ್ತೇ ಆಗುದಿಲ್ಲ. ಬ್ಯಾಟರಿ ಬುಡದಲ್ಲೇ 5 ಆಂಪಿಯರ್ ಫ್ಯೂಸ್. ವಯರ್ ತವರದ ಲೇಪ ಇದ್ದದ್ದೇ ಹಾಕಿ, ಸಾದಾ ತಾಮ್ರ ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಇನ್ಸುಲೇಶನ್ ಒಳಗೇ ಹಸಿರು ಕಿಲುಬು ಹಿಡೀತದೆ, ಹೊರಗಿಂದ ನೋಡಿದ್ರೆ ಹೊಸದರ ಹಾಗೆ ಇರ್ತದೆ. ಈಗ ಮಾನಿಟರ್ ಒಂದೇ ಲೆಕ್ಕ ಹಾಕಿದ್ರೆ 24ರಲ್ಲಿ ಒಂದು ಆಂಪಿಯರಿಗೂ ಕಮ್ಮಿ, ಬೆಳಕು ತಗ್ಗಿಸಿದ್ರೆ ಅದರ ಅರ್ಧ.

ಹಾಕಿದ ದಿನ ವಯರ್‌ಲೆಸ್ ಸೆಟ್ಟಲ್ಲಿ 16ನೇ ಚಾನೆಲ್ ಪೂರ್ತಿ ಬುಸ್ ಅಂತ ಶಬ್ದ! ಕನ್ವರ್ಟರ್ ಆಫ್ ಮಾಡಿದ್ರೆ ಶಬ್ದ ಇಲ್ಲ. ಅಪಾಯಕ್ಕೆ ಕರೆಯುವ ಚಾನೆಲ್ ಅದು, ಹಾಗೆ ಬಿಡ್ಲಿಕ್ಕೆ ಆಗುದಿಲ್ಲ. ಕನ್ವರ್ಟರನ್ನು ಸೆಟ್ಟಿನಿಂದ, ಆಂಟೆನಾ ಕೇಬಲಿಂದ ಆಚೆ ಬದಿಯ ಗೋಡೆಗೆ ಹಾಕಿ, ಇನ್‌ಪುಟ್ ಔಟ್‌ಪುಟ್ ಎರಡೂ ವಯರಿಗೆ ಫೆರೈಟ್ ಕ್ಲಿಪ್ (ವಯರಿನ ರೇಡಿಯೋ ಗದ್ದಲ ತಡೆಯುವ ಕಪ್ಪು ಉಂಡೆ) ಸಿಕ್ಕಿಸಿ, ವಯರನ್ನು ಅದರೊಳಗೆ ಎರಡು ಸುತ್ತು ಸುತ್ತಿದ್ಮೇಲೆ ಸರಿ ಆಯ್ತು. ಕಂಪಾಸ್ ಹತ್ತಿರವೂ ಮಾನಿಟರ್ ತರ್ಬೇಡಿ, ಆನ್ ಆಫ್ ಮಾಡಿ ಮುಳ್ಳು ಅಲ್ಲಾಡ್ತದಾ ನೋಡಿ ಆಮೇಲೆ ಸ್ಕ್ರೂ ಹೊಡೀರಿ.

ಇನ್ನು ಬೆಳಕು. ಎಲ್ಲರೂ ಕೇಳುದು ಬಿಸಿಲಲ್ಲಿ ಕಾಣ್ತದಾ ಅಂತ. ಸಾದಾ ಮಾನಿಟರ್ 250 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ), ಬಿಸಿಲಿಗೆ ಅಂತಲೇ ಮಾಡಿದ್ದು 1000ದ ಹತ್ತಿರ, ಅದಕ್ಕೆ ದುಡ್ಡೂ ಜಾಸ್ತಿ, ಕರೆಂಟೂ ಜಾಸ್ತಿ. ನಮ್ಮದು ಮುಚ್ಚಿದ ಕ್ಯಾಬಿನ್, ಸಂಜೆ ಪಡುವಣದ ಬಿಸಿಲು ಹೊಡೆಯುವಾಗ ಮಾತ್ರ ಕಷ್ಟ, ಕಪ್ಪು ಫೋಮ್ ಶೀಟಲ್ಲಿ ಒಂದು ಮಾಡಿನ ಹಾಗೆ ಮಾಡಿ ಅಂಟಿಸಿದ್ದೇನೆ, ಸಾಕಾಗ್ತದೆ. ಬದಿಯಿಂದ ನೋಡಿದ್ರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಆಗ್ಲೇಬೇಕು, ಸ್ಟಿಯರಿಂಗ್ ಹಿಡಿದವರು ಎದುರಿಗೆ ಕೂತು ನೋಡುದಲ್ಲ, ಬದಿಯಿಂದ ನೋಡುದು.

ನಿಜವಾದ ಪರೀಕ್ಷೆ ರಾತ್ರಿ. ಮೊದಲ ರಾತ್ರಿಯೇ ತಂಡೇಲರು ಹೇಳಿದ್ದು, "ಈ ಬೆಳಕು ತೆಗಿ ಮಾರಾಯ, ಎದುರು ಎಂತದೂ ಕಾಣುದಿಲ್ಲ ನಂಗೆ." ಬ್ರೈಟ್‌ನೆಸ್ ಸೊನ್ನೆಗೆ ತಂದ್ರೂ ಕ್ಯಾಬಿನ್ ಗಾಜಿನ ಮೇಲೆ ಇಡೀ ಚಾರ್ಟ್ ಕಾಣ್ತಿತ್ತು, ಗಾಜಿನಾಚೆ ಸಣ್ಣ ದೋಣಿಯ ಬ್ಯಾಟರಿ ಲೈಟ್ ಇದ್ರೆ ಅದು ಕಾಣುದಿಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಲಿಕ್ಕೆ 20-30 ನಿಮಿಷ ಬೇಕು, ಕೆಡ್ಲಿಕ್ಕೆ ಒಂದು ನೋಟ ಸಾಕು. ಕೆಂಪು ಶೀಟ್ ಹಾಕಿ ನೋಡಿದೆ, ಚಾರ್ಟಿನ ಕೆಂಪು, ನೇರಳೆ ಗುರುತುಗಳೇ ಮಾಯ. ಕಡೆಗೆ ಸ್ಟಿಕ್ಕರ್ ಅಂಗಡಿಯಿಂದ ಗಾಡಿ ಗ್ಲಾಸಿಗೆ ಹಾಕುವ ಕಪ್ಪು ಫಿಲ್ಮ್ ತಂದು, ತೆಳು ಅಕ್ರಿಲಿಕ್ ಶೀಟಿಗೆ ಅಂಟಿಸಿ, ನಾಲ್ಕು ಮೂಲೆಗೆ ವೆಲ್ಕ್ರೋ ಹಾಕಿದೆ. ಸಾಫ್ಟ್‌ವೇರಲ್ಲಿ ನೈಟ್ ಮೋಡ್, ಮೇಲಿಂದ ಈ ಶೀಟ್. ಈಗ ಹೊತ್ತು ಮುಳುಗಿದ ಕೂಡ್ಲೇ ತಂಡೇಲರೇ ಎದ್ದು ಶೀಟ್ ಸಿಕ್ಕಿಸ್ತಾರೆ, ಬೆಳಿಗ್ಗೆ ತೆಗೆದು ಬಂಕಿನ ಹಾಸಿಗೆ ಅಡಿ ಇಡ್ತಾರೆ. ಅದರ ಪಕ್ಕದಲ್ಲೇ ಗಾಳಿ ಹೋಗದ ಡಬ್ಬದಲ್ಲಿ ಇನ್ನೊಂದು ಕನ್ವರ್ಟರ್, ಎರಡು ಫ್ಯೂಸ್, ಒಂದು ಎಚ್‌ಡಿಎಂಐ ಕೇಬಲ್ ಉಂಟು, ಬೋಟ್ ಬಿಡುವ ಮೊದಲು ಅದು ಅಲ್ಲೇ ಉಂಟಾ ಅಂತ ನಾನು ಮುಟ್ಟಿ ನೋಡಿ ಇಳೀತೇನೆ.