ಚೆಲ್ಲುವ ಕೈ, ಬಿತ್ತರಿಸುವ ದನಿ: ‘ಬ್ರಾಡ್‌ಕಾಸ್ಟ್’ ಪದವನ್ನು ಕನ್ನಡಕ್ಕೆ ತಂದ ಅನುಭವ

ಕೃಷಿ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅವುಗಳಲ್ಲಿ ಬಂದ ಕ್ರಿಯಾಪದಗಳ ಪೈಕಿ ನಾನು ಎಲ್ಲಕ್ಕಿಂತ ಹೆಚ್ಚು ದಿನ ತಲೆಯಲ್ಲಿ ಹೊತ್ತು ತಿರುಗಿದ್ದು ‘ಬ್ರಾಡ್‌ಕಾಸ್ಟ್’ ಎಂಬುದನ್ನು. ಅದು ಮೊದಲು ಎದುರಾದದ್ದು ಭತ್ತದ ಗದ್ದೆಗೆ ಯೂರಿಯಾ ಕೊಡುವ ಕ್ರಮವನ್ನು ತಿಳಿಸುವ ಒಂದು ವಾಕ್ಯದಲ್ಲಿ. ನಿಘಂಟಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ‘ಪ್ರಸಾರ ಮಾಡು’ ಎಂಬ ಅರ್ಥ, ಅದನ್ನೇ ಬರೆದುಬಿಟ್ಟೆ. ಕರಡನ್ನು ಓದಿದ ನಮ್ಮ ದೊಡ್ಡಪ್ಪ ಆ ಸಾಲಿನ ಮೇಲೆ ಬೆರಳಿಟ್ಟು, “ಪ್ರಸಾರ ಮಾಡೋಕೆ ಇದೇನು ರೇಡಿಯೋನೇನಪ್ಪಾ? ಗೊಬ್ಬರ ಎರಚೋದು ಅಂತ ಬರಿ” ಎಂದರು. ಆ ವರ್ಷ ರಾಗಿ ಬಿತ್ತುವ ದಿನ ನನ್ನನ್ನು ಹೊಲಕ್ಕೂ ಕರೆದುಕೊಂಡು ಹೋದರು.

ರಾಗಿ ಕಾಳು ಬಹಳ ಸಣ್ಣದು. ಬರಿಗೈಯಲ್ಲಿ ಚೆಲ್ಲಿದರೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳುವಾಗಿ ಬೀಳುತ್ತದೆಂದು ಅವರು ಅದನ್ನು ಒಣ ಮರಳಿನೊಂದಿಗೆ ಕಲಸಿ ಮಡಿಲಿಗೆ ತುಂಬಿಕೊಂಡರು. ಹೆಜ್ಜೆಗೊಂದು ಬೀಸಿನಂತೆ, ಮಣಿಕಟ್ಟು ತಿರುಗುವಾಗ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವ ಹಾಗೆ ಚೆಲ್ಲುತ್ತ ಹೊಲದ ಉದ್ದಕ್ಕೂ ನಡೆದರು. ಅರ್ಧ ಬೀಜ ಮುಗಿದ ಮೇಲೆ, ಉಳಿದ ಅರ್ಧವನ್ನು ಅಡ್ಡಡ್ಡವಾಗಿ ನಡೆಯುತ್ತ ಚೆಲ್ಲಿದರು. ಯಾವ ಕಾಳು ಎಲ್ಲಿ ಬಿತ್ತೆಂದು ಅವರು ನೋಡಲಿಲ್ಲ, ನೋಡುವುದು ಸಾಧ್ಯವೂ ಇರಲಿಲ್ಲ. ಕೊನೆಗೆ ಎತ್ತಿಗೆ ಮುಳ್ಳಿನ ಕಂಪೆ ಕಟ್ಟಿ ಎಳೆಸಿ ಬೀಜವನ್ನು ಮಣ್ಣಿನಲ್ಲಿ ಮುಚ್ಚಿದರು. ಪಕ್ಕದ ಹೊಲದಲ್ಲಿ ಕೂರಿಗೆ ನಡೆಯುತ್ತಿತ್ತು. ಅಲ್ಲಿ ಬಟ್ಟಲಿಗೆ ಹಾಕಿದ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಿಗೇ ಬೀಳುತ್ತಿತ್ತು. ಎರಡೂ ಬಿತ್ತನೆಯೇ ಆದರೂ ‘ಬ್ರಾಡ್‌ಕಾಸ್ಟ್’ ಎಂಬ ಮಾತು ಸಲ್ಲುವುದು ದೊಡ್ಡಪ್ಪನ ಕೆಲಸಕ್ಕೆ ಮಾತ್ರ. ಆದ್ದರಿಂದ ಅದನ್ನು ಬರಿದೇ ‘ಬಿತ್ತು’ ಎಂದರೂ ಅರ್ಥ ಅರೆಯಾಗುತ್ತದೆಂಬುದು ನನಗೆ ಅಂದು ತಿಳಿಯಿತು.

ಇಂಗ್ಲಿಷಿನಲ್ಲಿ ಈ ಒಂದು ಕ್ರಿಯಾಪದ ಮಾಡುವ ಕೆಲಸವನ್ನು ಕನ್ನಡದ ರೈತರು ಹಲವು ಪದಗಳಿಗೆ ಹಂಚಿದ್ದಾರೆ. ಬೀಜವನ್ನು ಚೆಲ್ಲುತ್ತಾರೆ, ಗೊಬ್ಬರವನ್ನು ಎರಚುತ್ತಾರೆ, ಬೂದಿಯನ್ನು ಉದುರಿಸುತ್ತಾರೆ, ದ್ರವವಾದರೆ ಸಿಂಪಡಿಸುತ್ತಾರೆ. ಎಸೆಯುವ ವಸ್ತು ಬದಲಾದರೆ ಕ್ರಿಯಾಪದವೂ ಬದಲಾಗುತ್ತದೆ. ಆದ್ದರಿಂದ ನಾನು ಈಗ ವಾಕ್ಯದ ಕರ್ಮಪದವನ್ನು ನೋಡದೆ ಕ್ರಿಯಾಪದವನ್ನು ಮುಟ್ಟುವುದಿಲ್ಲ.

ಅಗಲವಾಗಿ ಎಂಬ ಅರ್ಥದ ‘ಬ್ರಾಡ್’, ಎಸೆ ಎಂಬ ಅರ್ಥದ ‘ಕಾಸ್ಟ್’ ಇವೆರಡೂ ಕೂಡಿ ಆದ ಈ ಪದ ಹದಿನೆಂಟನೆಯ ಶತಮಾನದಲ್ಲಿ ಹೊಲದ ಮಾತಾಗಿತ್ತು. ಇಂಗ್ಲೆಂಡಿನಲ್ಲಿ ಜೆತ್ರೊ ಟಲ್ 1701ರಲ್ಲಿ ಸಾಲುಬಿತ್ತನೆಯ ಯಂತ್ರವನ್ನು ರೂಪಿಸಿದ್ದನು; ಸಾಲಿನ ಬಿತ್ತನೆ ಬಂದ ಮೇಲೆಯೇ ಸಾಲಿಲ್ಲದ ಬಿತ್ತನೆಗೆ ಬೇರೆ ಹೆಸರು ಬೇಕಾಯಿತೆಂದು ನನಗೆ ತೋರುತ್ತದೆ. ಪದವು ರೇಡಿಯೋಗೆ ಅಂಟಿಕೊಂಡದ್ದು 1920ರ ದಶಕದಲ್ಲಿ. 1922ರಲ್ಲಿ ಹುಟ್ಟಿದ ಬಿಬಿಸಿಯ ಹೆಸರಿನ ನಡುವಿನ ಅಕ್ಷರ ನಿಂತಿರುವುದು ಈ ಪದಕ್ಕೇ. ಅದಕ್ಕೆ ಮುನ್ನ ನಿಸ್ತಂತು ಸಂದೇಶವೆಂದರೆ ಬಹುಮಟ್ಟಿಗೆ ಒಂದು ಹಡಗಿನಿಂದ ಒಂದು ದಡಕ್ಕೆ ಹೋಗಬೇಕಾದದ್ದು. ನಡುವೆ ಬೇರೆಯವರ ಕಿವಿಗೆ ಬಿದ್ದರೆ ಅದು ತೊಡಕೇ ಆಗಿತ್ತು. ಯಾರು ಬೇಕಾದರೂ ಕೇಳಲಿ ಎಂದು ದನಿಯನ್ನು ಗಾಳಿಗೆ ಬಿಟ್ಟಾಗ ಅದು ದೊಡ್ಡಪ್ಪನ ಕೈಬೀಸಿಗೆ ಸಮನಾಯಿತು. ಎಸೆದವನಿಗೆ ಬೀಳುವ ಜಾಗ ತಿಳಿಯದು ಎಂಬ ಒಂದು ಅಂಶವೇ ವಾಚ್ಯಾರ್ಥದಿಂದ ಲಾಕ್ಷಣಿಕ ಅರ್ಥಕ್ಕೆ ದಾಟಿ ಬಂದ ತಿರುಳೆಂದು ನಾನು ನಂಬಿದ್ದೇನೆ.

ಕನ್ನಡ ರೇಡಿಯೋಗೆ ಹೊಲದಿಂದ ಹೆಸರು ತರಲಿಲ್ಲ, ಆಕಾಶದಿಂದ ತಂದಿತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಕೇಂದ್ರ ‘ಆಕಾಶವಾಣಿ’ ಎನಿಸಿತು. ಆ ಹೆಸರೇ ಮುಂದೆ ದೇಶದ ರೇಡಿಯೋಗೆ ಸಂದಿತು. ಕ್ರಿಯೆಗೆ ಮಾತ್ರ ‘ಪ್ರಸಾರ’ ಮತ್ತು ‘ಬಿತ್ತರ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ‘ಬಿತ್ತರಿಸು’ ಎಂಬುದು ‘ಬಿತ್ತು’ ಧಾತುವಿನಿಂದಲೇ ಬಂದಿದೆ, ಇಂಗ್ಲಿಷಿನ ರೂಪಕವೇ ಕನ್ನಡದಲ್ಲೂ ಇದೆ ಎಂದು ನಾನು ಸಂತೋಷದಿಂದ ಒಂದು ಟಿಪ್ಪಣಿ ಬರೆದಿದ್ದೆ. ಅದು ತಪ್ಪು. ‘ಬಿತ್ತರ’ ಸಂಸ್ಕೃತದ ‘ವಿಸ್ತರ’ದ ತದ್ಭವ, ‘ವೀಥಿ’ ಬೀದಿಯಾಗುವಾಗ ವಕಾರ ಬಕಾರವಾದಂತೆ, ‘ಪುಸ್ತಕ’ ಹೊತ್ತಗೆಯಾಗುವಾಗ ಸ್ತಕಾರ ತ್ತಕಾರವಾದಂತೆ ಇಲ್ಲಿಯೂ ಆಗಿದೆ. ಬೀಜಕ್ಕೂ ಅದಕ್ಕೂ ನಂಟಿಲ್ಲ. ಆ ಟಿಪ್ಪಣಿಯನ್ನು ಹರಿದು ಹಾಕುವಾಗ ನನಗೆ ನಿಜಕ್ಕೂ ಬೇಸರವಾಯಿತು. ಆದರೂ ಸುದ್ದಿಯ ಸಂದರ್ಭದಲ್ಲಿ ನಾನು ‘ಪ್ರಸಾರ’ಕ್ಕಿಂತ ‘ಬಿತ್ತರ’ವನ್ನೇ ಇಷ್ಟಪಡುತ್ತೇನೆ, ಏಕೆಂದರೆ ಕನ್ನಡದ ಕಿವಿಗೆ ಅದರಲ್ಲಿ ಬೀಜದ ಸದ್ದು ಕೇಳಿಯೇ ಕೇಳುತ್ತದೆ.

ಗುಟ್ಟನ್ನು ‘ಬ್ರಾಡ್‌ಕಾಸ್ಟ್’ ಮಾಡಬೇಡ ಎಂಬ ಮಾತು ಬಂದಾಗ ಮಾತ್ರ ಇವೆರಡೂ ಸಲ್ಲುವುದಿಲ್ಲ. ಅಲ್ಲಿ ‘ಊರಿಗೆಲ್ಲ ಡಂಗುರ ಸಾರಬೇಡ’ ಎಂದೇ ಬರೆಯಬೇಕು. ‘ಬಿತ್ತು’ ಪದವನ್ನೂ ಅಲ್ಲಿಗೆ ಎಳೆದು ತರಬಾರದು. ನಾವು ದ್ವೇಷವನ್ನು ಬಿತ್ತುತ್ತೇವೆ, ಅನುಮಾನವನ್ನು ಬಿತ್ತುತ್ತೇವೆ. ಕನ್ನಡದಲ್ಲಿ ಬಿತ್ತುವವನಿಗೆ ಬೆಳೆಯ ಮೇಲೆ ಕಣ್ಣಿರುತ್ತದೆ, ಡಂಗುರ ಹೊಡೆಯುವವನಿಗೆ ಊರು ಕೇಳಿದರೆ ಸಾಕು.

ಕಳೆದ ಕೈಪಿಡಿಯಲ್ಲಿ ರಾಗಿಯ ಅಧ್ಯಾಯದಲ್ಲಿ ಆ ಪದ ಮತ್ತೆ ಬಂತು. ಮೂಲದಲ್ಲಿ ಒಂದೇ ಕ್ರಿಯಾಪದವಿದ್ದ ಕಡೆ ನಾನು ಹೀಗೆ ಬರೆದೆ: “ಬೀಜವನ್ನು ಒಣ ಮರಳಿನಲ್ಲಿ ಕಲಸಿ ಎರಡು ಪಾಲು ಮಾಡಿಕೊಳ್ಳಿ. ಒಂದು ಪಾಲನ್ನು ಹೊಲದ ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ನಡೆಯುತ್ತ, ಒಂದೇ ಸಮನಾಗಿ ಚೆಲ್ಲಿರಿ.” ದೊಡ್ಡಪ್ಪ ಅದನ್ನು ಓದಿ, ಏನನ್ನೂ ತಿದ್ದದೆ ಹಾಳೆ ತಿರುವಿದರು.