ಗ್ಯಾಸಿಫೈಯರ್ ಅನಿಲದ ಘಟಕಗಳನ್ನು ಸರಿಯಾಗಿ ಅಳೆಯುವ ಕ್ರಮ

ನೀಲಗಿರಿ, ಸರ್ವೆ ಅಥವಾ ತೆಂಗಿನ ಚಿಪ್ಪನ್ನು ಗಾಳಿಯೊಡನೆ ಅರೆಬರೆಯಾಗಿ ಉರಿಸಿ ಇಂಧನ ಅನಿಲ ಮಾಡುವ, ಅನಿಲ ಮೇಲಿನಿಂದ ಕೆಳಕ್ಕೆ ಹರಿಯುವ ಡೌನ್‌ಡ್ರಾಫ್ಟ್ ಗ್ಯಾಸಿಫೈಯರ್‌ನ ಒಣ ಅನಿಲದಲ್ಲಿ ಸಾಮಾನ್ಯವಾಗಿ ಶೇ. 18–22 ಇಂಗಾಲದ ಮೊನಾಕ್ಸೈಡ್, 15–20 ಜಲಜನಕ, 1–3 ಮೀಥೇನ್ ಮತ್ತು 10–14 ಇಂಗಾಲದ ಡೈಆಕ್ಸೈಡ್ ಇದ್ದು, ಉಳಿದದ್ದು ಬಹುತೇಕ ಸಾರಜನಕ. ಈ ಘಟಕಗಳನ್ನು ಅಳೆಯುವ ಅನಲೈಸರ್ ತೋರಿಸುವ ಅಂಕಿ ಇದರಿಂದ ದೂರ ಸರಿದರೆ ಹೆಚ್ಚಿನವರು ಮೊದಲು ಉಪಕರಣವನ್ನೇ ಶಂಕಿಸುತ್ತಾರೆ. ಆದರೆ ತಪ್ಪು ಹೆಚ್ಚಾಗಿ ಅಡಗಿರುವುದು ಅನಿಲವನ್ನು ಅದರವರೆಗೆ ತರುವ ಕೊಳವೆಯಲ್ಲಿ.

ಮಾದರಿಯನ್ನು ಕೂಲರ್ ಮತ್ತು ಫಿಲ್ಟರ್ ದಾಟಿದ ಮೇಲೆ ತೆಗೆಯಬೇಕು. ಅನಿಲವನ್ನು ಎಳೆದು ಮುಂದಕ್ಕೆ ತಳ್ಳುವ ಬ್ಲೋವರ್‌ಗೆ ಮುಂಚೆ ಪೈಪಿನೊಳಗೆ ಹೀರುವ ಒತ್ತಡವಿರುವುದರಿಂದ ಸಡಿಲವಾದ ಒಂದು ಕ್ಲಿಪ್ಪಿನ ಮೂಲಕವೂ ಹೊರಗಿನ ಗಾಳಿ ಒಳಸೇರುತ್ತದೆ; ಸಾಧ್ಯವಿದ್ದರೆ ಬ್ಲೋವರ್‌ನ ಎರಡೂ ಬದಿ ಕವಾಟವಿಟ್ಟು ಆಮ್ಲಜನಕದ ಪ್ರಮಾಣವನ್ನು ಹೋಲಿಸುವುದು ಒಳ್ಳೆಯದು, ಏಕೆಂದರೆ ಬ್ಲೋವರ್‌ನ ಸೀಲ್ ಸವೆದಿದ್ದರೆ ಆ ವ್ಯತ್ಯಾಸದಿಂದಲೇ ತಿಳಿಯುತ್ತದೆ. ಕವಾಟದಿಂದ ಟೆಫ್ಲಾನ್ ಕೊಳವೆಯಲ್ಲಿ ಬರುವ ಅನಿಲವನ್ನು ಐಸ್‌ನಲ್ಲಿಟ್ಟ, ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿದ ಬಾಟಲಿಗಳ ಮೂಲಕ ಹಾಯಿಸಿ, ಆಮೇಲೆ ಖಾಲಿ ಬಾಟಲಿ, ಹತ್ತಿ, ನೀಲಿ ಸಿಲಿಕಾ ಜೆಲ್, ಸೂಕ್ಷ್ಮ ಫಿಲ್ಟರ್ ಈ ಕ್ರಮದಲ್ಲಿ ಪಂಪಿಗೆ ಒಯ್ಯಬೇಕು. ಹತ್ತಿಯನ್ನು ಪಾರದರ್ಶಕ ಕೊಳವೆಯಲ್ಲೇ ಇಡಿ: ಅದರ ಮುಂತುದಿ ಚಹಾ ಬಣ್ಣಕ್ಕೆ ತಿರುಗಿದರೆ ಟಾರ್ (ಅನಿಲದೊಡನೆ ಬರುವ ಡಾಂಬರಿನಂಥ ಅಂಟು) ಆ ಬಾಟಲಿಗಳನ್ನು ದಾಟಿ ಬರುತ್ತಿದೆ ಎಂದರ್ಥ, ಜೆಲ್ ಅರ್ಧದವರೆಗೆ ಗುಲಾಬಿಯಾದಾಗಲೇ ಬದಲಿಸಿ. ಹೊಸದಾಗಿ ತುಂಬಿದ ದ್ರವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುವುದರಿಂದ ಅಂಕಿ ಏರಿ ನಿಲ್ಲುವವರೆಗೆ ಏನನ್ನೂ ದಾಖಲಿಸಬಾರದು.

ಅಳತೆಗೆ ಮುನ್ನ ಸೋರಿಕೆಯ ಪರೀಕ್ಷೆ ಕಡ್ಡಾಯ. ಕೊಳವೆಯ ಆರಂಭದ ಕವಾಟವನ್ನು ಮುಚ್ಚಿ ಪಂಪ್ ಓಡಿಸಿದಾಗ ಹರಿವನ್ನು ತೋರಿಸುವ ರೋಟಾಮೀಟರಿನ ಗುಂಡು ಪೂರ್ತಿ ತಳಕ್ಕಿಳಿದು ಕೂರಬೇಕು. ಅದು ಅಲುಗಾಡುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಅಳತೆಯ ನಡುವೆಯೂ ಆಮ್ಲಜನಕ ಶೇ. 0.5 ದಾಟಿದರೆ ಉಳಿದ ಅಂಕಿಗಳನ್ನು ನಾನಂತೂ ಬರೆದುಕೊಳ್ಳುವುದಿಲ್ಲ.

ಕ್ಯಾಲಿಬ್ರೇಷನ್, ಅಂದರೆ ಉಪಕರಣದ ಅಂಕಿಯನ್ನು ಸರಿಹೊಂದಿಸುವ ವಿಷಯದಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಸಂಗತಿಯೊಂದಿದೆ. ನಮ್ಮ ಊರು ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಹತ್ತರಲ್ಲಿ ಒಂಬತ್ತು ಭಾಗದಷ್ಟೇ. ಇಂಗಾಲದ ಎರಡು ಆಕ್ಸೈಡ್‌ಗಳನ್ನೂ ಮೀಥೇನನ್ನೂ ಅಳೆಯುವ ಇನ್‌ಫ್ರಾರೆಡ್ ಸೆನ್ಸರ್ ತನ್ನ ಕೋಶದೊಳಗಿನ ಅಣುಗಳನ್ನು ಎಣಿಸುವುದರಿಂದ, ಸಮುದ್ರಮಟ್ಟದಲ್ಲಿ ಹೊಂದಿಸಿ ಕಳಿಸಿದ, ಒತ್ತಡದ ತಿದ್ದುಪಡಿಯಿಲ್ಲದ ಉಪಕರಣ ಇಲ್ಲಿ ಶೇ. 20ರ ಮೊನಾಕ್ಸೈಡನ್ನು 18ರ ಆಸುಪಾಸು ತೋರಿಸೀತು. ಉಷ್ಣವಾಹಕತೆಯಿಂದ ಅಳೆಯುವ ಜಲಜನಕದ ಸೆನ್ಸರ್ ಮೇಲೆ ಒತ್ತಡದ ಪ್ರಭಾವ ಅತ್ಯಲ್ಪವಾದ್ದರಿಂದ, ಮೊನಾಕ್ಸೈಡ್ ಮತ್ತು ಜಲಜನಕದ ಅನುಪಾತವೂ ಕೆಡುತ್ತದೆ. ಆದ್ದರಿಂದ ಪೀಣ್ಯದ ಶೆಡ್ಡಾಗಲಿ ಕಾಲೇಜಿನ ಪ್ರಯೋಗಾಲಯವಾಗಲಿ, ಅಳೆಯುವ ಜಾಗದಲ್ಲೇ ನಿಮ್ಮ ಅನಿಲಕ್ಕೆ ಹತ್ತಿರದ ಮಿಶ್ರಣವಿರುವ ಪ್ರಮಾಣಪತ್ರ ಸಹಿತ ಸಿಲಿಂಡರಿನಿಂದ ಸ್ಪ್ಯಾನ್ ಮಾಡಿ (ಗೊತ್ತಿರುವ ಪ್ರಮಾಣಕ್ಕೆ ಅಂಕಿಯನ್ನು ಹೊಂದಿಸಿ), ಶುದ್ಧ ಸಾರಜನಕದಿಂದ ಸೊನ್ನೆ ಹೊಂದಿಸಿ. ಜಲಜನಕದ ಅಂಕಿಯನ್ನು ಡೈಆಕ್ಸೈಡ್ ಕೆಳಕ್ಕೂ ಮೀಥೇನ್ ಮೇಲಕ್ಕೂ ಎಳೆಯುತ್ತವೆ. ಉಪಕರಣ ಇದನ್ನು ತಾನೇ ಸರಿಪಡಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ವಾರಕ್ಕೊಮ್ಮೆಯಾದರೂ, ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ತಾಳೆ ನೋಡಿ. ಅದರಲ್ಲಿ ಜಲಜನಕ ಅಳೆಯಲು, ಮಾದರಿಯನ್ನು ಒಯ್ಯುವ ವಾಹಕ ಅನಿಲವಾಗಿ ಆರ್ಗಾನೇ ಬೇಕು, ಹೀಲಿಯಂ ಸಾಲದು. ಮಾದರಿಯನ್ನು ಫುಟ್‌ಬಾಲ್ ಬ್ಲ್ಯಾಡರಿನಲ್ಲಿ ಒಯ್ಯುವ ಅಭ್ಯಾಸ ಬೇಡ, ರಬ್ಬರಿನ ಮೂಲಕ ಜಲಜನಕ ಜಾರಿಹೋಗುತ್ತದೆ.

ಅನಲೈಸರಿನಿಂದ ಹೊರಬರುವ ಅನಿಲವನ್ನು ಕೊಳವೆಯ ಮೂಲಕ ಛಾವಣಿಯ ಮೇಲಕ್ಕೆ ಬಿಡಬೇಕು. ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಶೇ. 20 ಎಂದರೆ ಹತ್ತು ಲಕ್ಷ ಭಾಗದಲ್ಲಿ ಎರಡು ಲಕ್ಷ, ಆದರೆ 1,200 ಭಾಗವೇ ಪ್ರಾಣಾಪಾಯದ ಮಟ್ಟ. ಅಲಾರಂ ಇಲ್ಲದ ಶೆಡ್ಡಿನಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ದಾಖಲಿಸಿದ ಅಂಕಿಗಳಿಂದ ಉಷ್ಣಮೌಲ್ಯ ತೆಗೆಯುವುದು ಸುಲಭ: ಪ್ರತಿ ಘನಮೀಟರಿಗೆ ಮೊನಾಕ್ಸೈಡ್‌ಗೆ 12.6, ಜಲಜನಕಕ್ಕೆ 10.8, ಮೀಥೇನ್‌ಗೆ 35.9 ಮೆಗಾಜೂಲ್ ಹಿಡಿದರೆ, ಕ್ರಮವಾಗಿ ಶೇ. 20, 18 ಮತ್ತು 2 ಇರುವ ಅನಿಲಕ್ಕೆ ಸುಮಾರು 5.2 ಮೆಗಾಜೂಲ್ ಬರುತ್ತದೆ.

ಅಂಕಿ ಇಳಿದಾಗ ಎಲ್ಲವನ್ನೂ ಒಟ್ಟಿಗೆ ಓದಬೇಕು. ಎಲ್ಲ ಘಟಕಗಳೂ ಒಂದೇ ಪ್ರಮಾಣದಲ್ಲಿ ಇಳಿದು ಆಮ್ಲಜನಕ ಏರಿದ್ದರೆ ಮಾದರಿಯ ಕೊಳವೆ ಸೋರುತ್ತಿದೆ. ಆಮ್ಲಜನಕ ಸೊನ್ನೆಯಲ್ಲೇ ಇದ್ದು, ಮೊನಾಕ್ಸೈಡ್ ಇಳಿದು ಡೈಆಕ್ಸೈಡ್ ಏರಿ, ಅನಿಲದ ತಾಪವೂ ತಗ್ಗಿದ್ದರೆ ಕಟ್ಟಿಗೆ ಹಸಿಯಾಗಿದೆ. ಮಳೆಗಾಲದಲ್ಲಿ ಇದು ಮಾಮೂಲು, ತೇವಾಂಶ ಶೇ. 15ರ ಒಳಗಿರುವ ಕಟ್ಟಿಗೆ ಹಾಕಿ. ಇದೇ ಲಕ್ಷಣಗಳ ಜೊತೆ ತಾಪ ಏರಿದ್ದರೆ ಮಾತ್ರ, ಬಿಸಿ ಭಾಗದೊಳಕ್ಕೆ ಗಾಳಿ ನುಗ್ಗಿ ಅನಿಲ ಅಲ್ಲೇ ಉರಿಯುತ್ತಿದೆ. ಆಗ ಅನಲೈಸರ್ ಮುಟ್ಟದೆ ಗ್ಯಾಸಿಫೈಯರನ್ನು ನಿಲ್ಲಿಸಿ, ಬೂದಿ ತೆಗೆಯುವ ಬಾಗಿಲಿನ ಗ್ಯಾಸ್ಕೆಟ್ಟನ್ನು ಮೊದಲು ಪರೀಕ್ಷಿಸಿ.