ಬಡಿದಷ್ಟೂ ಬಿಗಿಯಾಗಲ್ಲ: ಪ್ಯಾಂಡ್ರಾಲ್ ಕ್ಲಿಪ್ ಜೊತೆ ನನ್ನ ಅನುಭವ

ಹಳಿ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ಒಂದು ಚಾಳಿ ಇರುತ್ತದೆ. ಹಳಿಯನ್ನು ಸ್ಲೀಪರಿಗೆ, ಅಂದರೆ ಕೆಳಗಿನ ಅಡ್ಡ ತೊಲೆಗೆ, ಒತ್ತಿ ಹಿಡಿಯುವ ಕ್ಲಿಪ್ ಸರಿಯಾಗಿ ಕೂತ ಮೇಲೂ "ಇರ್ಲಿ ಬಿಡಿ ಅಣ್ಣ, ಇನ್ನೂ ಗಟ್ಟಿ ಆಗ್ಲಿ" ಅಂತ ಎರಡು ಏಟು ಜಾಸ್ತಿ ಹಾಕುತ್ತಾರೆ. ಮೊಳೆ ಹೊಡೆದು ಅಭ್ಯಾಸವಾದ ಕೈ ಅದು. ಪ್ಯಾಂಡ್ರಾಲ್ ಕ್ಲಿಪ್ ಒಂದು ಸ್ಪ್ರಿಂಗ್ ಅನ್ನುವುದು ಆ ಕೈಗೆ ಅರ್ಥವಾಗಲು ಸ್ವಲ್ಪ ದಿನ ಬೇಕು.

ನಾನು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಸೇರಿ, ದಿನಾ ಹಳಿ ಮೇಲೆ ನಡೆದು ಪರೀಕ್ಷೆ ಮಾಡುವ ಕೀಮ್ಯಾನ್ ಆಗಿ, ಆಮೇಲೆ ಗ್ಯಾಂಗಿನ ಮುಖ್ಯಸ್ಥ, ಅಂದರೆ ಮೇಟ್ ಆದವನು. ಜಾಸ್ತಿ ಕೆಲಸ ಮಾಡಿದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ. 55 ಕಿಲೋಮೀಟರ್ ದಾರಿ, 57 ಸುರಂಗ, 50 ಅಡಿಗೆ 1 ಅಡಿ ಇಳಿಜಾರು, ಮೈಮುರಿದ ತಿರುವುಗಳು, ಮತ್ತೆ ಮಳೆ. ಬಯಲು ಸೀಮೆಯಲ್ಲಿ ಕ್ಲಿಪ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಘಾಟಿಯಲ್ಲಿ ಅದನ್ನು ಬಿಟ್ಟರೆ ಬೇರೆ ಯೋಚನೆಯೇ ಇರಲ್ಲ.

ಈ ಕ್ಲಿಪ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳುತ್ತೇನೆ. ಕಾಂಕ್ರೀಟ್ ಸ್ಲೀಪರ್ ಎರಕ ಹೊಯ್ಯುವಾಗಲೇ ಅದರೊಳಗೆ ಎರಕದ ಕಬ್ಬಿಣದ ಇನ್ಸರ್ಟ್ ಕೂರಿಸಿರುತ್ತಾರೆ. ಹೊರಗೆ ಕಾಣುವುದು ಅದರ ತಲೆ ಮಾತ್ರ. ಆ ತಲೆಯಲ್ಲಿ ಒಂದು ತೂತು ಇರುತ್ತದೆ, ಅದೇ ಇನ್ಸರ್ಟಿನ ಕಣ್ಣು. ಸ್ಲೀಪರ್ ಮೇಲೆ ರಬ್ಬರ್ ಪ್ಯಾಡ್, ಪ್ಯಾಡ್ ಮೇಲೆ ಹಳಿ, ಹಳಿಯ ಪಾದದ ಎರಡೂ ಅಂಚಿಗೆ ಲೈನರ್, ಅಂದರೆ ಹಳಿಗೂ ಕ್ಲಿಪ್ಪಿಗೂ ನಡುವೆ ಕೂರುವ ತೆಳು ತುಂಡು. ಕ್ಲಿಪ್ಪಿನ ನೇರ ಕಾಲು ಕಣ್ಣಿನೊಳಗೆ ಹೋಗುತ್ತದೆ. ಬಾಗಿದ ಮೂತಿ ಲೈನರ್ ಮೇಲೆ ಕೂರುತ್ತದೆ. ಬಡಿದು ಒಳಗೆ ತಳ್ಳಿದಾಗ ಸರಳು ತಿರುಚಿಕೊಂಡು ಮೂತಿ ಮೇಲೇಳುತ್ತದೆ. ವಾಪಸ್ ತನ್ನ ಆಕಾರಕ್ಕೆ ಬರಲು ಅದು ಒದ್ದಾಡುತ್ತಲ್ಲ, ಆ ಒದ್ದಾಟವೇ ಹಳಿಯನ್ನು ಒತ್ತಿ ಹಿಡಿಯುವುದು. ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೇ. ಆದರೆ ಇಲ್ಲಿ ಮಾರ್ಕ್ 3 ಅನ್ನುವ ಮಾದರಿಯ ಕ್ಲಿಪ್ ಒಂದೊಂದೂ 850ರಿಂದ 1100 ಕಿಲೋ ಒತ್ತುತ್ತದೆ. ಒಂದು ಸ್ಲೀಪರಿಗೆ ಅಂಥವು ನಾಲ್ಕು.

ಈ ಐಡಿಯಾ ಬಂದದ್ದು ನಾರ್ವೆ ರೈಲ್ವೆಯ ಪೆರ್ ಪಾಂಡೆ-ರೋಲ್ಫ್ಸೆನ್ ಅನ್ನುವ ಇಂಜಿನಿಯರ್‌ಗೆ, 1950ರ ದಶಕದಲ್ಲಿ. ಅದಕ್ಕೂ ಮುಂಚೆ ನಮ್ಮಲ್ಲಿ ಮರದ ಸ್ಲೀಪರಿಗೆ ಡಾಗ್ ಸ್ಪೈಕ್, ಎರಕದ ಕಬ್ಬಿಣದ ಸ್ಲೀಪರಿಗೆ ಬೆಣೆಯ ಹಾಗೆ ಬಡಿದು ಸಿಕ್ಕಿಸುವ ಕೀಲಿ. ಸ್ಪೈಕ್ ಅಂದರೆ ದಪ್ಪ ಮೊಳೆ. ರೈಲು ಹೋದಾಗಲೆಲ್ಲ ಹಳಿ ಸ್ವಲ್ಪ ಎದ್ದು ಕೂರುತ್ತದೆ, ಮೊಳೆಯನ್ನೂ ಎಳೆಯುತ್ತದೆ. ಮೇಲೆ ಬಂದ ಮೊಳೆ ತಾನಾಗಿ ಕೆಳಗೆ ಹೋಗಲ್ಲ. ಕೀಲಿಯೂ ಅಷ್ಟೇ, ಅದುರಿ ಅದುರಿ ಸಡಿಲ ಆಗುತ್ತಿತ್ತು. ದಿನಾ ನಡೆದು ಬಡಿಯಲೇಬೇಕು. ಸ್ಪ್ರಿಂಗ್ ಕ್ಲಿಪ್ ಹಳಿ ಜೊತೆಗೇ ಎದ್ದು ಹಳಿ ಜೊತೆಗೇ ಕೂರುತ್ತದೆ, ಹಿಡಿತ ಬಿಡಲ್ಲ. ಒಂದು ಸಲ ಹಾಕಿ ಮರೆತುಬಿಡಬಹುದು ಅಂತ ಹೇಳುತ್ತಿದ್ದರು. ಘಾಟಿಯ ಮಳೆಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ!

ಈಗ ಬಡಿಯುವ ಮಾತು. ಕಾಲು ಕಣ್ಣಿನೊಳಗೆ ಹೋಗಿ, ಅದರ ತುದಿ ಇನ್ಸರ್ಟಿನ ಆಚೆ ಮುಖಕ್ಕೆ ಸಮ ಆಗಬೇಕು. ಅಲ್ಲಿಗೆ ಕೈ ನಿಲ್ಲಿಸಬೇಕು. ಕಡಿಮೆ ಹೋದರೆ ಒತ್ತಡ ಸಾಲದು. ಜಾಸ್ತಿ ಹೋದರೆ ಮೂತಿ ಲೈನರಿನ ನಡುವೆ ಕೂರದೆ ಒಂದು ಬದಿಗೆ ಒತ್ತುತ್ತದೆ. ಲೈನರ್ ನಿಧಾನಕ್ಕೆ ಜರುಗಲು ಶುರು ಮಾಡುತ್ತದೆ. ನೈಲಾನ್ ಲೈನರ್ ಆದರೆ ಅಂಚು ಒಡೆಯುತ್ತದೆ. ಜಾಸ್ತಿ ಹಾಕಿದ ಎರಡು ಏಟಿನ ಫಲ ಇದು. ಕೊನೆಯ ಏಟುಗಳನ್ನು ಸಣ್ಣದಾಗಿ ಹಾಕಿ, ಬಗ್ಗಿ ನೋಡಿ, ಕಾಣದಿದ್ದರೆ ಬೆರಳಿಂದ ಮುಟ್ಟಿ ನೋಡಿ ಅಂತ ಹುಡುಗರಿಗೆ ಹೇಳುತ್ತೇನೆ. ಸುರಂಗದೊಳಗೆ ಬೆರಳೇ ಕಣ್ಣಿಗಿಂತ ವಾಸಿ.

ಹಾಕುವುದಕ್ಕಿಂತ ತೆಗೆಯುವುದೇ ಕಷ್ಟ. ಕ್ಲಿಪ್ಪಿನ ಮೂತಿ ಎಲ್ಲರಿಗೂ ಕಾಣುತ್ತದೆ, ಕಾಲು ಯಾರಿಗೂ ಕಾಣಲ್ಲ. ತುಕ್ಕು ಶುರುವಾಗುವುದು ಆ ಕಾಲಲ್ಲೇ. ನೀರು ಕಣ್ಣಿನೊಳಗೆ ಇಳಿದು, ಕಾಲು ಮತ್ತು ಇನ್ಸರ್ಟ್ ಎರಡೂ ಸೇರಿ ಜಾಮ್ ಆಗಿಬಿಡುತ್ತವೆ. ಹೊರಗಿನಿಂದ ನೋಡಿದರೆ ಕ್ಲಿಪ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಹಳಿ ಬದಲಾಯಿಸುವ ದಿನ ಬ್ಲಾಕ್, ಅಂದರೆ ರೈಲು ನಿಲ್ಲಿಸಿ ಕೆಲಸಕ್ಕೆ ಕೊಡುವ ಸಮಯ, ಸಿಕ್ಕು ಗಡಿಯಾರ ಓಡುತ್ತಿರುವಾಗ ಗೊತ್ತಾಗುತ್ತದೆ ಅದರ ಕಥೆ.

ಅದಕ್ಕೇ ಗ್ರೀಸಿಂಗ್. ತುಕ್ಕು ಜಾಸ್ತಿ ಇರುವ ಕಡೆ ವರ್ಷಕ್ಕೊಮ್ಮೆ, ಉಳಿದ ಕಡೆ ಎರಡು ವರ್ಷಕ್ಕೊಮ್ಮೆ. ಮೇನ್ ಲೈನಿನಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಅಂತ ಹಿಡಿದರೆ 6640 ಕ್ಲಿಪ್. ಒಂದೊಂದನ್ನೂ ತೆಗೆದು ಹಾಕಬೇಕು. ನಾವು ಮಾಡುವುದು ಹೀಗೆ. ಒಂದು ಸ್ಲೀಪರಿನ ಕ್ಲಿಪ್ ತೆಗೆದು, ಅದನ್ನು ಪೂರ್ತಿ ಮುಗಿಸಿ ವಾಪಸ್ ಹಾಕಿದ ಮೇಲೇ ಪಕ್ಕದ್ದಕ್ಕೆ ಕೈ. ಸಾಲಾಗಿ ಬಿಚ್ಚಿಟ್ಟರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಅಷ್ಟುದ್ದ ಹಳಿಗೆ ಹಿಡಿತವೇ ಇರಲ್ಲ. ಬಿಸಿಲಿನಲ್ಲಿ ಹಿಗ್ಗಲು ಕಾಯುತ್ತಿರುವ ಹಳಿಗೆ ಪಕ್ಕಕ್ಕೆ ಬಾಗಲು ಅಷ್ಟು ಸಾಕು.

ತೆಗೆದ ಕ್ಲಿಪ್ಪಿನ ಕಾಲನ್ನು ವೈರ್ ಬ್ರಷ್‌ನಿಂದ ಉಜ್ಜಿ, ಎಮರಿ ಪೇಪರ್ ಹಾಕುತ್ತೇವೆ. ಕಣ್ಣಿನೊಳಗಿನ ತುಕ್ಕಿನ ಪುಡಿಯನ್ನೂ ಬಿಡದೆ ತೆಗೆಯಬೇಕು. ಇದನ್ನೇ ಎಲ್ಲರೂ ಹಾರಿಸುವುದು. ಕೊಳೆ ಮೇಲೆ ಗ್ರೀಸ್ ಬಳಿದರೆ ಕೊಳೆಗೇ ಗ್ರೀಸ್ ಹಾಕಿದ ಹಾಗೆ. ಆಮೇಲೆ ಗ್ರಾಫೈಟ್ ಗ್ರೀಸನ್ನು ಕಾಲಿಗೂ ಕಣ್ಣಿನ ಒಳಗೂ ಬಳಿದು, ಕ್ಲಿಪ್ ಬಡಿದು, ಕಣ್ಣಿನ ಬಾಯಿಗೆ ಮತ್ತೆ ಗ್ರೀಸ್ ತುಂಬಿ ನೀರು ಇಳಿಯದ ಹಾಗೆ ಮುಚ್ಚುತ್ತೇವೆ. ಘಾಟಿಯಲ್ಲಿ ಇದೆಲ್ಲ ಮಳೆಗೆ ಮುಂಚೆಯೇ ಮುಗಿಯಬೇಕು. ಜೂನ್ ಆದ ಮೇಲೆ ಒದ್ದೆ ಕಣ್ಣಿಗೆ ಗ್ರೀಸ್ ಹಿಡಿಯಲ್ಲ.

ಜಾಮ್ ಆದ ಕ್ಲಿಪ್ ಬಂದರೆ? ಸಿಟ್ಟಿನಲ್ಲಿ ದೊಡ್ಡ ಸುತ್ತಿಗೆ ಎತ್ತಬೇಡಿ. ಕ್ಲಿಪ್ ಸುಮಾರು ಒಂದು ಕಿಲೋ ಕಬ್ಬಿಣ, ಹೋದರೆ ಹೋಗಲಿ. ಆದರೆ ಇನ್ಸರ್ಟ್ ಕಾಂಕ್ರೀಟಿನೊಳಗೆ ಹೂತಿರುತ್ತದೆ. ಅದರ ಕಣ್ಣು ಒಡೆದರೆ ಕಾಲು ಟನ್ನಿಗಿಂತ ಭಾರದ ಸ್ಲೀಪರಿನ ಪಾಡು ನೋಡಬೇಕಾಗುತ್ತದೆ. ಮೊದಲು ಎಣ್ಣೆ ಬಿಟ್ಟು ಕಾಯುತ್ತೇವೆ. ಆಮೇಲೆ ಒಳಗಿನ ಕಡೆಗೇ ಒಂದು ಸಣ್ಣ ಏಟು, ಹೊರಗೆ ಒಂದು ಏಟು, ಹೀಗೆ ಅಲ್ಲಾಡಿಸಿ ತುಕ್ಕಿನ ಹಿಡಿತ ಬಿಡಿಸುತ್ತೇವೆ. ಗ್ಯಾಸ್ ಹಿಡಿದು ಕಾಯಿಸಿದರೆ ಬೇಗ ಬರುತ್ತದೆ. ಆದರೆ ಹಾಗೆ ಕಾಯಿಸಿದ ಕ್ಲಿಪ್ಪನ್ನು ಮತ್ತೆ ಹಾಕಲೇಬಾರದು. ಅದರ ಸ್ಪ್ರಿಂಗ್ ಗುಣ ಹೋಗಿರುತ್ತದೆ, ನೋಡಲು ಮಾತ್ರ ಕ್ಲಿಪ್. ಇನ್ನೊಂದು, ಬಡಿಯುವಾಗ ಕ್ಲಿಪ್ ಹಾರುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಒತ್ತಡದಲ್ಲಿ ಇರುವ ಕಬ್ಬಿಣ ಹೇಳಿ ಕೇಳಿ ಬರಲ್ಲ.

ಗಮನಿಸಿ ನೋಡಿದರೆ ಹಳಿಯ ಒಳಬದಿಯ ಕ್ಲಿಪ್ ಹೊರಬದಿಯದಕ್ಕಿಂತ ಬೇಗ ತಿಂದುಹೋಗಿರುತ್ತಿತ್ತು. ಕಾರಣ ಬೋಗಿಯ ಶೌಚಾಲಯ. ಹಿಂದೆ ಎಲ್ಲವೂ ನೇರ ಹಳಿ ಮೇಲೇ ಬೀಳುತ್ತಿತ್ತಲ್ವಾ? ಪ್ರಯಾಣಿಕರು ನೋಡದ ಆ ಕೆಲಸದ ಜಾಗ ನಮ್ಮದಾಗಿತ್ತು. ಬಯೋ ಟಾಯ್ಲೆಟ್ ಬಂದದ್ದಕ್ಕೆ ಹಳಿಯವರಷ್ಟು ಖುಷಿ ಪಟ್ಟವರು ಯಾರೂ ಇರಲಿಕ್ಕಿಲ್ಲ.

ಇಳಿಜಾರಿನಲ್ಲಿ ಇನ್ನೊಂದು ಕಾಟ ಇದೆ. ಗೂಡ್ಸ್ ಗಾಡಿ ಬ್ರೇಕ್ ಹಿಡಿದು ಇಳಿಯುವಾಗ ಚಕ್ರ ಹಳಿಯನ್ನು ತನ್ನ ಜೊತೆ ಕೆಳಗೆ ತಳ್ಳುತ್ತದೆ. ಕ್ಲಿಪ್ಪಿನ ಒತ್ತಡ ಸರಿಯಿದ್ದರೆ ಹಳಿ ಸ್ಲೀಪರನ್ನು ಬಿಟ್ಟು ಜರುಗಲ್ಲ, ಸ್ಲೀಪರನ್ನು ಜಲ್ಲಿ ಹಿಡಿದಿರುತ್ತದೆ. ಒತ್ತಡ ಕಮ್ಮಿ ಆದ ಕಡೆ ಹಳಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಜಾಯಿಂಟುಗಳಲ್ಲಿ ಮೇಲಿನ ಕಡೆ ಸಂದು ಅಗಲ, ಕೆಳಗಿನ ಕಡೆ ಸಂದೇ ಇಲ್ಲ. ಹಾಗೆ ಕಂಡರೆ ನಾನು ಜಾಯಿಂಟ್ ಒಂದನ್ನೇ ನೋಡುತ್ತಾ ಕೂರಲ್ಲ, ಆಚೆ ಈಚೆ ನಡೆದು ಕ್ಲಿಪ್ ನೋಡುತ್ತೇನೆ. ಲೈನರ್ ಸುತ್ತ ಕೆಂಪು ಪುಡಿ, ಹಳಿಯ ಪಾದದಲ್ಲಿ ಉಜ್ಜಿ ಹೊಳೆಯುವ ಗುರುತು, ಹೊರಗೆ ಇಣುಕುವ ರಬ್ಬರ್ ಪ್ಯಾಡ್. ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಆಗ ಬಹಳ ಜನ ಹೊಸ ಕ್ಲಿಪ್ ಹಾಕಿ ಮುಂದೆ ಹೋಗುತ್ತಾರೆ. ಪ್ಯಾಡ್ ಸವೆದು ತೆಳ್ಳಗಾಗಿದ್ದರೆ ಹಳಿ ಅಷ್ಟು ಕೆಳಗೆ ಕೂತಿರುತ್ತದೆ. ಹೊಸ ಕ್ಲಿಪ್ಪಿನ ಮೂತಿಗೂ ಒತ್ತಲು ಅಷ್ಟು ಕಮ್ಮಿ. ಕ್ಲಿಪ್ ತೆಗೆದಾಗ ಪ್ಯಾಡ್ ಮತ್ತು ಲೈನರ್ ನೋಡದೆ ವಾಪಸ್ ಹಾಕಬೇಡಿ. ಎರಡು ಹಳಿಗಳನ್ನು ಜೋಡಿಸುವ ಪಟ್ಟಿ, ಅಂದರೆ ಫಿಶ್ ಪ್ಲೇಟ್, ಇರುವ ಜಾಗಕ್ಕೆ ಅಲ್ಲಿಗೇ ಮಾಡಿದ ಜೆ ಕ್ಲಿಪ್ಪನ್ನೇ ಹಾಕಿ. ಮಾಮೂಲಿ ಕ್ಲಿಪ್ ಅಲ್ಲಿ ಪ್ಲೇಟಿಗೆ ತಗುಲುತ್ತದೆ. ಚೀಲದಲ್ಲಿ ಜೆ ಕ್ಲಿಪ್ ಬೇರೆ ಕಟ್ಟಿಟ್ಟುಕೊಂಡು ಹೊರಟರೆ ಜಾಯಿಂಟ್ ಹತ್ತಿರ ನಿಂತು ಹುಡುಕುವ ಕೆಲಸ ತಪ್ಪುತ್ತದೆ.